‘ನಮಗ ಬಿಸಲು ರೂಢಿ ಅದರಿ’ ಅಂತೀವಲ್ಲ, ಆ ರೂಢಿ ಮೈಯಾಗ ಎಲ್ಲಿ ಕುಂತಿರ್ತದ?

ಕಲಬುರಗಿ ಮಂದಿಗಿ ಒಂದು ಮಾತು ಬಾಯಿಪಾಠ ಆಗ್ಯಾದ. ಬೆಂಗಳೂರಿಂದ ಯಾರರ ಬೀಗರು ಏಪ್ರಿಲ್‌ನ್ಯಾಗ ಬಂದು ‘ಅಯ್ಯೋ ಏನ್ ಬಿಸಿಲಪ್ಪ ಇದು’ ಅಂದ್ರ ಸಾಕು, ನಾವು ಎದಿ ಉಬ್ಬಿಸಿ ‘ನಮಗೇನ್ರಿ, ರೂಢಿ ಅದ’ ಅಂತೀವಿ, ಏನೋ ದೊಡ್ಡ ಡಿಗ್ರಿ ತಗೊಂಡಂಗ. 43 ಡಿಗ್ರಿ ಆದ್ರೂ ರೂಢಿ, 45 ಆದ್ರೂ ರೂಢಿ. ನಾನೂ ಅಂದೀನಿ ಭಾಳ ಸಲ, ಇಲ್ಲ ಅನ್ನಂಗಿಲ್ಲ.

ಹೋದ ಮೇ ತಿಂಗಳದಾಗ ನಮ್ಮ ಮನಿ ಬಾಜೂಕಿನ ಕಾಕಾ ಹೊಲದಾಗ ಬಿದ್ರು. ವಯಸ್ಸು 68. ಹರೇದಾಗ ಶಹಾಬಾದ ಕಡಿ ಫರಸಿ ಕಲ್ಲಿನ ಗಣಿಯಾಗ ದುಡದವರು, ಸುಡೋ ಬಂಡಿ ಮ್ಯಾಲ ಬರೀ ಕಾಲಿಲೆ ನಿಂತವರು, ಅವರಿಗಿ ಬಿಸಲಿನ ಬಗ್ಗೆ ಹೇಳೋದು ಅಂದ್ರ ಮೀನಕ್ಕ ಈಜು ಕಲ್ಸಿದಂಗ. ಮಧ್ಯಾಹ್ನ ಎರಡರ ಹೊತ್ತಿಗಿ ಬದುವಿನ ಮ್ಯಾಲ ಕುಂತಲ್ಲೇ ವಾಲ್ಯಾರ, ಮೊಮ್ಮಗ ಹೋಗಿ ನೋಡಿದ್ರ ಮೈ ಕೆಂಡ, ಬೆವರಿನ ಹನಿ ಇಲ್ಲ, ಮಾತು ತೊದಲ್ಲಕತ್ತದ, ಮೊಮ್ಮಗನಿಗೇ ‘ನೀ ಯಾರಲೇ’ ಅಂದ್ರಂತ. ಹುಡುಗ ಗಾಬ್ರಿಯಾಗಿ ಮನ್ಯಾಗಿದ್ದ ಜ್ವರದ ಗುಳಗಿ ನುಂಗ್ಸಿ ದವಾಖಾನಿಗಿ ತಂದ. ಅಲ್ಲಿ ಡಾಕ್ಟರ್ ಮೊದಲು ಮಾಡಿದ್ದು ಅಂಗಿ ಬಿಚ್ಚಿಸಿ ಹಸಿ ಚಾದರ ಹೊದಿಸಿ ಫ್ಯಾನ್ ಜೋರ್ ಮಾಡಿ ಬಗಲಾಗ, ತೊಡಿ ಸಂದಿನಾಗ ಐಸ್ ಇಡ್ಸಿದ್ದು. ಥರ್ಮಾಮೀಟರ್ 105 ದಾಟಿತ್ತು. ಗುಳಗಿ ಕೊಟ್ಟೆ ಅಂದಿದ್ದಕ್ಕ ಹುಡುಗನ್ನ ಬೈದ್ರು, ಇದು ಜ್ವರ ಅಲ್ಲೋ ತಮ್ಮ ಅಂತ. ಖರೇನ ಅದು, ಜ್ವರದಾಗ ಮಿದುಳೇ ‘ಉಷ್ಣ ಏರಿಸ್ರಿ’ ಅಂತ ಆರ್ಡರ್ ಕೊಟ್ಟಿರ್ತದ, ಪ್ಯಾರಾಸಿಟಮಾಲ್ ಆ ಆರ್ಡರ್ ಇಳಸ್ತದ. ಬಿಸಲು ಬಡದಾಗ ಆರ್ಡರೇ ಇರಲ್ಲ, ಮೈ ತಂಪಾಗೋ ವ್ಯವಸ್ಥಾನೇ ಕೈ ಎತ್ತಿರ್ತದ, ಗುಳಗಿ ಏನು ಮಾಡ್ಬೇಕು ಪಾಪ.

ಕಾಕಾ ಉಳದ್ರು. ಎಂಟು ದಿನಾ ಆದ ಮ್ಯಾಲ ಕಟ್ಟಿ ಮ್ಯಾಲ ಕುಂತು ನನ್ನ ಕೇಳಿದ್ರು, ‘ನೀ ಹುಡುಗ್ರಿಗಿ ಜೀವಶಾಸ್ತ್ರ ಹೇಳ್ತಿ, ಹೇಳು ನೋಡಮು, ಐವತ್ತು ವರ್ಷ ರೂಢಿ ಇದ್ದವಂಗ ಹಿಂಗ ಯಾಕ ಆಯ್ತು?’ ಆವತ್ತು ಏನೋ ಎರಡು ಮಾತು ಹೇಳಿ ಜಾರಿಕೊಂಡೆ, ಯಾಕಂದ್ರ ಸರಿಯಾಗಿ ಹೇಳ್ಬೇಕಂದ್ರ ಪ್ರೋಟೀನ್ ಹೆಂಗ ಮಡಚ್ಕೊಂತದ ಅನ್ನೋದ್ರಿಂದ ಸುರು ಮಾಡ್ಬೇಕು, ಕಟ್ಟಿ ಮ್ಯಾಲ ಅಷ್ಟು ಹೊತ್ತು ಯಾರು ಕೇಳ್ತಾರ. ಇಲ್ಲಿ ಬರೀತೀನಿ.

ಪ್ರೋಟೀನ್ ಅಂದ್ರ ನಮ್ಮ ಮಂದಿಗಿ ಬ್ಯಾಳಿ, ತತ್ತಿ, ಇಲ್ಲಾಂದ್ರ ಜಿಮ್ ಹುಡುಗ್ರ ಡಬ್ಬಿ ನೆನಪಾಗ್ತದ. ಜೀವಕೋಶದಾಗ ಪ್ರೋಟೀನ್ ಅಂದ್ರ ಕೆಲಸಗಾರ. ಉಸಿರು, ಜೀರ್ಣ, ಸ್ನಾಯು, ಕಣ್ಣು, ಎಲ್ಲಾ ಕೆಲಸ ಅವೇ ಮಾಡೋದು. ಕೋಶ ಪ್ರೋಟೀನ್ ತಯಾರ್ ಮಾಡುವಾಗ ಅದು ಬರೀ ಒಂದು ಉದ್ದನ್ನ ಸರ, ಅಮೈನೊ ಆಸಿಡ್ ಮಣಿ ಪೋಣಿಸಿದಂಗ. ಸರ ಇದ್ದಾಗ ಅದು ಯಾವ ಕೆಲಸಕ್ಕೂ ಬರಲ್ಲ. ಮಡಚ್ಕೊಂಡು ತನ್ನದೇ ಒಂದು ಆಕಾರಕ್ಕ ಬಂದ ಮ್ಯಾಲ ಕೆಲಸ ಸುರು. ರುಮಾಲು ಇದ್ದಂಗ ಅಂದ್ಕೊರಿ. ಉದ್ದನ್ನ ಅರಬಿ ಹೆಗಲ ಮ್ಯಾಲ ಹಾಕ್ಕೊಂಡ್ರ ಅದು ರುಮಾಲು ಆಗಲ್ಲ, ಸುತ್ತಿ ಸುತ್ತಿ ಪೇಟಾ ಆದಾಗ ರುಮಾಲು.

ಈ ಸುತ್ತೋ ವಿದ್ಯಾ ಯಾರು ಕಲ್ಸ್ತಾರ? ಕ್ರಿಶ್ಚಿಯನ್ ಅನ್ಫಿನ್ಸನ್ ಅನ್ನೋ ಅಮೆರಿಕದ ವಿಜ್ಞಾನಿ ರೈಬೋನ್ಯೂಕ್ಲಿಯೇಸ್ ಅನ್ನೋ ಸಣ್ಣ ಪ್ರೋಟೀನ್ ತಗೊಂಡು ಪೂರ್ತಿ ಬಿಚ್ಚಿಹಾಕಿ, ಬಿಚ್ಚೋ ಔಷಧ ತೆಗೆದು ನೋಡಿದ್ರು, ಅದು ತಾನೇ ತಿರುಗಿ ಮಡಚ್ಕೊಂಡು ಕೆಲಸ ಮಾಡ್ಲಕ್ ಹತ್ತಿತು. ಅಂದ್ರ ಹೆಂಗ ಸುತ್ಬೇಕು ಅನ್ನೋದು ಅರಬಿಯಾಗೇ ಬರದಿರ್ತದ, ಹೊರಗಿನವರು ಹೇಳೋದು ಬ್ಯಾಡ. 1972ರಾಗ ಇದಕ್ಕ ನೊಬೆಲ್ ಬಂತು. ಎಲ್ಲಾರೂ ಕತಿ ಮುಗೀತು ಅಂದ್ಕೊಂಡ್ರು.

ಮುಗದಿರ್ಲಿಲ್ಲ. ಅನ್ಫಿನ್ಸನ್ ಮಾಡಿದ್ದು ನಳಿಕ್ಯಾಗ, ನೀರಿನಾಗ, ಸುತ್ತಮುತ್ತ ಯಾರೂ ಇಲ್ಲದ ಜಾಗಾದಾಗ. ಜೀವಕೋಶದ ಒಳಗ ಹಂಗಿರಲ್ಲ, ಅಲ್ಲಿ ಶರಣಬಸವೇಶ್ವರ ಜಾತ್ರ್ಯಾಗ ತೇರು ಎಳ್ಯಾಗ ಇರ್ತದಲ್ಲ ಆ ನಮೂನಿ ಗದ್ದಲ. ಬ್ಯಾಕ್ಟೀರಿಯಾದ ಕೋಶದಾಗ ಒಂದು ಲೀಟರಿಗಿ 300 ಗ್ರಾಂಕಿಂತ ಜಾಸ್ತಿ ಪ್ರೋಟೀನು, ಆರ್‌ಎನ್‌ಎ ಎಲ್ಲಾ ತುಂಬಿರ್ತಾವ. ಆ ಗದ್ದಲದಾಗ ನಿಂತು ರುಮಾಲು ಸುತ್ಕೊ ಅಂದ್ರ? ಅರ್ಧ ಸುತ್ತದಾಗ ಮತ್ತೊಬ್ಬನ ರುಮಾಲಿಗಿ ಸಿಕ್ಕೊಂತದ, ಅವಂದು ಮೂರನೇದವಂಗ, ಕೊನಿಗಿ ಎಲ್ಲಾ ಸೇರಿ ಒಂದು ಗಂಟು. ಪ್ರೋಟೀನಿಗಿ ಖರೇನ ಹಿಂಗ ಆಗ್ತದ. ಅದರ ಒಳಗ ಎಣ್ಣಿ ಥರ ನೀರಿಗಿ ಅಂಜೋ ಭಾಗ ಇರ್ತಾವ, ಮಡಚಿದ ಮ್ಯಾಲ ಅವು ಒಳಗ ಮುಚ್ಚಿಹೋಗ್ತಾವ, ಮಡಚೋಕ್ಕಿಂತ ಮೊದಲು ಹೊರಗ ಕಾಣ್ತಿರ್ತಾವ, ಅಂಥಾ ಎರಡು ಎದುರಾದ್ರ ಅಂಟ್ಕೊಂಡು ಬಿಡ್ತಾವ. ತತ್ತಿ ಕುದಿಸಿದಾಗ ಬಿಳಿದು ಗಟ್ಟಿ ಆಗ್ತದಲ್ಲ, ಅದು ಇದೇ. ಬಿಸಿಗಿ ಪ್ರೋಟೀನ್ ಬಿಚ್ಕೊಂಡು ಒಂದಕ್ಕೊಂದು ಹೆಣಕೊಂಡು ಗಂಟಾಗ್ತಾವ. ಕುದಿಸಿದ ತತ್ತಿ ಆರಿಸಿದ್ರ ತಿರುಗಿ ಹಸಿ ಆಗ್ತದೇನು?

ಹಿಂಗಾಗಿ ಕೋಶದಾಗ ಒಂದು ಖೋಲಿ ಬೇಕು. ಗದ್ದಲದಿಂದ ಹೊರಗ ಒಬ್ಬನನ್ನ ಒಳಗ ಬಿಟ್ಟು, ಬಾಕ್ಲ ಹಾಕಿ, ‘ಸಾವಕಾಶ ಸುತ್ಕೊ, ಯಾರೂ ತ್ರಾಸ ಕೊಡಲ್ಲ’ ಅನ್ನೋ ಖೋಲಿ. ಆ ಖೋಲಿನೇ ಶಾಪರೋನಿನ್.

ಹೆಸರಿಂದು ಒಂದು ಮಜಾ ಅದ. ಶಾಪರೋನ್ ಅಂದ್ರ ಹಳೇ ಕಾಲದ ಯುರೋಪಿನಾಗ ಮದಿವಿ ಆಗದ ಹುಡುಗಿ ಹೊರಗ ಹೋದ್ರ ಜೋಡಿ ಕಳಸ್ತಿದ್ದ ದೊಡ್ಡ ಹೆಂಗಸು. ನಮ್ಮ ಕಡಿನೂ ಹುಡುಗಿ ಜಾತ್ರಿಗಿ ಹೊಂಟ್ರ ದೊಡ್ಡವ್ವನ್ನ ಜೋಡಿ ಕಳಸ್ತಾರಲ್ಲ, ಅದೇ. ಕೆಲಸ ಏನು, ಬ್ಯಾಡಾದವರ ಜೋಡಿ ಸಂಬಂಧ ಬೆಳೀಲಾರದಂಗ ನೋಡ್ಕೊಳ್ಳೋದು. 1978ರಾಗ ರಾನ್ ಲಾಸ್ಕಿ ಅನ್ನೋರು ಕಪ್ಪಿ ತತ್ತಿಯಾಗಿನ ಒಂದು ಪ್ರೋಟೀನಿಗಿ ಮೊದಲು ಈ ಹೆಸರು ಇಟ್ರು, ಆಮ್ಯಾಲ ಇಂಗ್ಲೆಂಡಿನ ಜಾನ್ ಎಲ್ಲಿಸ್ ಎಲಿಯಾಗಿನ ರುಬಿಸ್ಕೊ ಅನ್ನೋ ಪ್ರೋಟೀನಿಗಿ ಹಿಂಗೇ ಒಬ್ಬಾಕಿ ದೊಡ್ಡವ್ವ ಇದ್ದಾಳ ಅಂತ ಕಂಡುಹಿಡದು ಆ ಹೆಸರನ್ನ ಎಲ್ಲಾ ಕಡಿ ಹಬ್ಬಿಸಿದ್ರು. ಶಾಪರೋನ್‌ದಾಗ ಭಾಳ ನಮೂನಿ ಅವ. ಡಬ್ಬಿ ಆಕಾರದ್ದು, ಒಳಗ ಪೊಳ್ಳು ಇರೋದು, ಅದಕ್ಕ ಮಾತ್ರ ಶಾಪರೋನಿನ್ ಅಂತಾರ, ಆ ಹೆಸರು 1988ರದ್ದು. ಎರಡೂ ಒಂದೇ ಅಂತ ಬರ್ಯೋರು ಭಾಳ ಮಂದಿ ಇದ್ದಾರ, ಒಂದೇ ಅಲ್ಲ.

ಭಾಳ ಓದಿದ ಡಬ್ಬಿ ಅಂದ್ರ ಇ. ಕೋಲಿ ಬ್ಯಾಕ್ಟೀರಿಯಾದ ಗ್ರೋಇಎಲ್. ಏಳು ಪ್ರೋಟೀನ್ ಸುತ್ತಾಗಿ ಕುಂತು ಒಂದು ಉಂಗುರ, ಅಂಥಾ ಎರಡು ಉಂಗುರ ಬೆನ್ನಿಗಿ ಬೆನ್ನು ಹಚ್ಚಿದ್ರ ಒಟ್ಟು 14, ಮ್ಯಾಲ ಮುಚ್ಚಳ ಹಾಕ್ಲಕ್ ಗ್ರೋಇಎಸ್ ಅನ್ನೋ ಬ್ಯಾರೆ ಪ್ರೋಟೀನು, ಅದೂ ಏಳರ ಗುಂಪು. ಡಬ್ಬಿ ಎತ್ತರ ಸುಮಾರು 15 ನ್ಯಾನೊಮೀಟರ್, ಅಂದ್ರ ಐದು ಸಾವಿರ ಡಬ್ಬಿ ಒಂದರ ಮ್ಯಾಲ ಒಂದು ಇಟ್ರ ನಿಮ್ಮ ತಲಿಕೂದಲಿನ ದಪ್ಪ ಆಗ್ಬಹುದು. ಬಾಯಿ ತೆರದಾಗ ಡಬ್ಬಿ ಅಂಚು ಎಣ್ಣಿ ಎಣ್ಣಿ ಇರ್ತದ, ಅರ್ಧಮರ್ಧ ಮಡಚಿದ ಪ್ರೋಟೀನ್ ಬಂದು ಅಲ್ಲಿ ಅಂಟ್ಕೊಂತದ. ಏಳು ಎಟಿಪಿ ಬಂದು ಕೂಡ್ತಾವ, ಎಟಿಪಿ ಅಂದ್ರ ಕೋಶದ ರೊಕ್ಕ. ಮುಚ್ಚಳ ಬೀಳ್ತದ, ಡಬ್ಬಿ ಗ್ವಾಡಿ ತಿರುಗಿ ಒಳಗಿನ ಮೈ ನೀರಿಗಿ ಒಗ್ಗೋ ಥರ ಬದಲಾಗ್ತದ, ಅಂಟ್ಕೊಂಡಿದ್ದು ಬಿಟ್ಟು ಖೋಲಿ ನಡುವ ಬೀಳ್ತದ. ಹತ್ತು ಸೆಕೆಂಡಿನ ಆಸುಪಾಸು ಟೈಮ್. ಆಮ್ಯಾಲ ಮುಚ್ಚಳ ತೆರೀತದ. ಸುತ್ತೋದು ಮುಗದಿದ್ರ ಹೊರಗ, ಮುಗೀದಿದ್ರ ತಿರುಗಿ ಮತ್ತೊಂದು ಸಲ. ನಮ್ಮ ಕಡಿ ಬಸ್ ಸ್ಟ್ಯಾಂಡಿನ ಟಾಯ್ಲೆಟ್ಟಿಗಿಂತ ಶಿಸ್ತು ಅದ ಅನ್ರಿ.

ಇದನ್ನ ಕಂಡುಹಿಡದ ರೀತಿ ಸೀದಾ ಇಲ್ಲ. 1970ರ ದಶಕದ ಸುರುವಿನಾಗ ಕೋಸ್ಟಾ ಜಾರ್ಜೊಪೌಲೋಸ್ ಅನ್ನೋರು ಬ್ಯಾಕ್ಟೀರಿಯಾ ಕೊಲ್ಲೋ ವೈರಸ್ ಮ್ಯಾಲ ಕೆಲಸ ಮಾಡ್ಲಕತ್ತಿದ್ರು, ಕೆಲವು ಬ್ಯಾಕ್ಟೀರಿಯಾದಾಗ ವೈರಸ್ಸಿನ ತಲಿ ಕಟ್ಟಲಿಕ್ಕೇ ಆಗ್ತಿರ್ಲಿಲ್ಲ, ಕೆಟ್ಟಿದ್ದು ವೈರಸ್ ಅಲ್ಲ ಬ್ಯಾಕ್ಟೀರಿಯಾದ ಜೀನು ಅಂತ ಗೊತ್ತಾಯ್ತು, ಅದೇ ಗ್ರೋಇ, ಗ್ರೋಇಎಲ್ ಮತ್ತ ಗ್ರೋಇಎಸ್ ಎರಡೂ ಅದರವೇ. ಅಂದ್ರ ವೈರಸ್ಸೂ ಮನಿ ಮಾಲಕನ ಖೋಲಿನೇ ಬಳಸ್ತದ. 1989ರಾಗ ಆರ್ಥರ್ ಹಾರ್ವಿಚ್ ಮತ್ತ ಫ್ರಾನ್ಸ್ ಉಲ್ರಿಚ್ ಹಾರ್ಟ್ಲ್ ಯೀಸ್ಟ್‌ನ್ಯಾಗ ತೋರ್ಸಿದ್ರು, ಮೈಟೊಕಾಂಡ್ರಿಯಾದಾಗ, ಅಂದ್ರ ಕೋಶದ ಎಟಿಪಿ ಕಾರ್ಖಾನ್ಯಾಗ, ಇರೋ ಎಚ್‌ಎಸ್‌ಪಿ60 ಅನ್ನೋ ಡಬ್ಬಿ ಕೆಟ್ರ ಪ್ರೋಟೀನ್ ಒಳಗ ಬರ್ತಾವ ಖರೇ, ಆದ್ರ ಮಡಚಂಗಿಲ್ಲ. ‘ತಾನೇ ಮಡಚ್ಕೊಂತದ’ ಅನ್ನೋ ನಂಬಿಕಿಗಿ ಅಲ್ಲಿ ಪೆಟ್ಟು ಬಿತ್ತು. ಇಬ್ಬರಿಗೂ 2011ರಾಗ ವೈದ್ಯಕೀಯ ಸಂಶೋಧನಾದ ದೊಡ್ಡ ಪ್ರಶಸ್ತಿ ಲಾಸ್ಕರ್ ಬಂತು. ಈ ಖೋಲಿ ಬರೀ ಗದ್ದಲದಿಂದ ಕಾಯ್ತದೋ, ಇಲ್ಲಾ ಒಳಗ ಇಕ್ಕಟ್ಟು ಮಾಡಿ ಮಡಚೋದನ್ನ ಜಲ್ದಿನೂ ಮಾಡ್ತದೋ ಅಂತ ಇಬ್ಬರ ಗುಂಪಿನ ನಡುವನೇ ವರ್ಷಗಟ್ಲೆ ಜಗಳ ನಡದದ. ನನಗ ಇದು ಛಲೋ ಅನಸ್ತದ, ಪ್ರಶಸ್ತಿ ಹಂಚ್ಕೊಂಡವರು ಅಭಿಪ್ರಾಯ ಹಂಚ್ಕೊಳ್ಲೇಬೇಕಂತ ಏನಿಲ್ಲ.

ಈಗ ಬಿಸಲಿಗಿ ಬರಮು. ಎಚ್‌ಎಸ್‌ಪಿ ಅಂದ್ರ ಹೀಟ್ ಶಾಕ್ ಪ್ರೋಟೀನ್, ಶಾಖದ ಹೊಡತದ ಪ್ರೋಟೀನು. ಹೆಸರು ಬಂದಿದ್ದು ಒಂದು ತಪ್ಪಿನಿಂದ. 1960ರ ಆಸುಪಾಸು ಇಟಲಿಯ ಫೆರುಚ್ಚೊ ರಿಟೋಸಾ ಹಣ್ಣಿನ ನೊಣ ಸಾಕಿದ್ದ ಇನ್‌ಕ್ಯುಬೇಟರಿನ ಉಷ್ಣ ಯಾರೋ ಏರಿಸಿ ಬಿಟ್ಟಿದ್ರು, ಮರುದಿನ ನೋಡಿದ್ರ ನೊಣದ ಮರಿಯ ಕ್ರೋಮೊಸೋಮಿನ ಮ್ಯಾಲ ಹೊಸ ಜಾಗಾದಾಗ ಉಬ್ಬು ಬಂದಾವ, ಅಂದ್ರ ಅಲ್ಲಿನ ಜೀನುಗಳು ಚಾಲೂ ಆಗ್ಯಾವ. 1962ರಾಗ ಪ್ರಿಂಟ್ ಮಾಡಿದ್ರು, ಅದಕ್ಕಿಂತ ಮೊದಲು ಒಂದು ದೊಡ್ಡ ಪತ್ರಿಕಿ ‘ಇದಕ್ಕೇನು ಮಹತ್ವ’ ಅಂತ ವಾಪಸ್ ಕಳ್ಸಿತ್ತು. ಈಗ ನಮಗ ಗೊತ್ತಿರೋದು, ಕೋಶದಾಗ ಎಚ್‌ಎಸ್‌ಎಫ್1 ಅನ್ನೋ ಒಂದು ಕಾವಲುಗಾರ ಇರ್ತದ, ಸುಮ್ಮನ ಇದ್ದಾಗ ಅದನ್ನ ಶಾಪರೋನ್‌ಗಳೇ ಹಿಡಕೊಂಡು ಕುಂತಿರ್ತಾವ. ಬಿಸಿ ಏರಿ ಪ್ರೋಟೀನ್ ಬಿಚ್ಲಕ್ ಸುರು ಆದ್ರ ಶಾಪರೋನ್‌ಗಳು ಆ ಕೆಲಸಕ್ಕ ಓಡ್ತಾವ, ಕಾವಲುಗಾರನ ಕೈ ಬಿಡ್ತಾವ, ಅದು ಹೋಗಿ ‘ಇನ್ನೂ ಶಾಪರೋನ್ ತಯಾರ್ ಮಾಡ್ರಿ’ ಅಂತ ಡಂಗುರ ಸಾರ್ತದ. ಎಷ್ಟು ಸರಳ ನೋಡ್ರಿ. ಥರ್ಮಾಮೀಟರ್ ಬ್ಯಾಡ, ಕೆಲಸ ಜಾಸ್ತಿ ಆಗಿ ಆಳು ಸಾಲದಾದಾಗ ತಾನೇ ಗೊತ್ತಾಗ್ತದ.

ರೂಢಿ ಅನ್ನೋದಕ್ಕ ಇಲ್ಲಿ ಒಂದು ಬುಡ ಅದ, ಪೂರ್ತಿ ಸುಳ್ಳಲ್ಲ. ಪ್ರಯೋಗಶಾಲ್ಯಾಗ ಮನುಷ್ಯನ ಕೋಶಕ್ಕ ಮೊದಲು ಸ್ವಲ್ಪ ಬಿಸಿ ತೋರ್ಸಿ, ಹೊತ್ತು ಬಿಟ್ಟು ಜೋರ್ ಬಿಸಿ ಕೊಟ್ರ, ಮೊದಲೇ ಬಿಸಿ ನೋಡಿದ ಕೋಶ ಜಾಸ್ತಿ ಉಳೀತಾವ. 1970ರ ದಶಕದಿಂದ ಗೊತ್ತಿರೋ ವಿಷಯ. ಇಡೀ ಮೈ ರೂಢಿ ಆಗೋದು ಬ್ಯಾರೆ, ಅದರಾಗ ದೊಡ್ಡ ಪಾಲು ಬೆವರು ಮತ್ತ ರಕ್ತದ್ದು: ಒಂದೆರಡು ವಾರ ಬಿಸಲಾಗ ಕೆಲಸ ಮಾಡಿದ್ರ ಬೆವರು ಜಲ್ದಿ ಬರ್ತದ, ಬೆವರಿನಾಗ ಉಪ್ಪು ಕಮ್ಮಿ ಹೋಗ್ತದ, ರಕ್ತದ ನೀರಿನಂಶ ಏರ್ತದ, ಜೋಡಿಗಿ ಕೋಶದಾಗ ಶಾಪರೋನ್ ಜಾಸ್ತಿ ಆಗ್ತಾವ.

ಆದ್ರ ಕಾಕಾಗ ಹೇಳ್ಬೇಕಾಗಿದ್ದು ಮುಂದಿಂದು. ಈ ರೂಢಿ ಬ್ಯಾಂಕಿನಾಗ ಇಟ್ಟ ಡಿಪಾಜಿಟ್ ಅಲ್ಲ. ಕೋಶದ ಮಟ್ಟದ ತಯಾರಿ ಕೆಲವು ದಿನಕ್ಕ ಇಳೀತದ, ಇಡೀ ಮೈ ರೂಢಿ ಕೆಲವು ವಾರಕ್ಕ. ಇಪ್ಪತ್ತೈದನೇ ವಯಸ್ಸಿನಾಗ ಗಣಿಯಾಗ ಗಳಿಸಿದ್ದು 68ಕ್ಕ ಉಳದಿರಲ್ಲ, ಪ್ರತಿ ಬ್ಯಾಸಗಿಗೂ ಹೊಸಾದಾಗಿ ಗಳಿಸ್ಬೇಕು. ವಯಸ್ಸಾದಂಗೆಲ್ಲ ಆ ಡಂಗುರ ಸಾರೋದೂ ಸಪ್ಪಳ ಕಮ್ಮಿ ಆಗ್ತದ, ಎಚ್‌ಎಸ್‌ಎಫ್1 ಮೊದಲಿನಂಗ ಜೋರಾಗಿ ಏಳಂಗಿಲ್ಲ. ಖೋಲಿ ನಡ್ಯಾಕ ಎಟಿಪಿ ಬೇಕು, ಎಟಿಪಿ ಮಾಡೋದು ಮೈಟೊಕಾಂಡ್ರಿಯಾ, ಮೈಟೊಕಾಂಡ್ರಿಯಾದ ಪ್ರೋಟೀನ್ ಮಡಚ್ಲಕ್ ಮತ್ತ ಖೋಲಿ ಬೇಕು. ಒಂದು ಸೋತ್ರ ಇನ್ನೊಂದೂ ಸೋಲ್ತದ. ಕಾಕಾ ಬಿದ್ದಿದ್ದಕ್ಕ ಶಾಪರೋನಿನ್ನೇ ಕಾರಣ ಅಂತ ಮಾತ್ರ ನಾ ಹೇಳಲ್ಲ, ಬಿಸಲು ಬಡ್ಯಾದ್ರಾಗ ನೀರು ಕಮ್ಮಿ ಆಗೋದು, ಬೆವರು ನಿಲ್ಲೋದು, ರಕ್ತದ ಒತ್ತಡ ಬೀಳೋದು, ಕರಳಿನ ಗ್ವಾಡಿ ಸೋರೋದು, ರಕ್ತ ಹೆಪ್ಪುಗಟ್ಟೋದು ಇಷ್ಟೂ ಇರ್ತಾವ. ಆದ್ರ ಮೈ ಉಷ್ಣ 41 ಸೆಲ್ಸಿಯಸ್ ಹತ್ರ, ಅಂದ್ರ ಕಾಕಾನ ಥರ್ಮಾಮೀಟರಿನ ಫ್ಯಾರನ್‌ಹೀಟ್ ಲೆಕ್ಕದಾಗ 105-106ರ ಆಸುಪಾಸು, ಬಂದಾಗ ಸೂಕ್ಷ್ಮ ಪ್ರೋಟೀನ್‌ಗಳು ಬಿಚ್ಲಕ್ ಹತ್ತೋದು, ಖೋಲಿಗಳ ಮುಂದ ಪಾಳಿ ಬೆಳ್ಯೋದು ಖರೇ. ಡಾಕ್ಟರ್ ಅರ್ಧ ತಾಸಿನ ಒಳಗ ತಂಪು ಮಾಡ್ಬೇಕು ಅಂತ ಅವಸರ ಮಾಡೋದು ಸುಮ್ಮನ ಅಲ್ಲ.

ಇನ್ನೊಂದು, ‘ಹೀಟ್ ಶಾಕ್’ ಅನ್ನೋ ಹೆಸರೇ ದಾರಿ ತಪ್ಪಸ್ತದ. ಮಂದಿ ಏನು ತಿಳಕೊಂತಾರ ಅಂದ್ರ ಇವು ಬಿಸಿ ಬಂದಾಗ ಮಾತ್ರ ಬೇಕು, ಬೆಂಕಿ ಬಿದ್ದಾಗ ಬರೋ ಅಗ್ನಿಶಾಮಕದ ಗಾಡಿ ಥರ. 1989ರಾಗ ಜಾರ್ಜೊಪೌಲೋಸ್ ಗುಂಪಿನವರೇ ಇ. ಕೋಲಿಯಾಗ ಗ್ರೋಇಎಲ್ ಜೀನ್ ತೆಗೀಲಕ್ ನೋಡಿದ್ರು, ಯಾವ ಉಷ್ಣದಾಗೂ ಬ್ಯಾಕ್ಟೀರಿಯಾ ಬೆಳೀಲಿಲ್ಲ, ತಂಪಿನಾಗೂ ಇಲ್ಲ. ಅಂದ್ರ ಇದು ಅಗ್ನಿಶಾಮಕದ ಗಾಡಿ ಅಲ್ಲ, ದಿನಾ ಬರೋ ನೀರಿನ ನಳ. ಇ. ಕೋಲಿಯಾಗ ಸುಮಾರು 85 ಪ್ರೋಟೀನ್ ಈ ಖೋಲಿ ಇಲ್ಲದ ಮಡಚೋದೇ ಇಲ್ಲ, ಅದರಾಗ ಜೀವ ಉಳಸೋವು ಅವ. ಬಿಸಿ ಬಂದಾಗ ನಳದ ಮುಂದ ಕೊಡ ಜಾಸ್ತಿ ಆಗ್ತಾವ, ಅಷ್ಟೇ ಫರಕ್.

ನಮ್ಮ ಕೋಶದಾಗ ಇಂಥಾ ಖೋಲಿ ಎರಡು ವಂಶದ್ದು ಅವ. ಮೈಟೊಕಾಂಡ್ರಿಯಾ ಯಾವುದೋ ಕಾಲಕ್ಕ ಬ್ಯಾಕ್ಟೀರಿಯಾ ಇದ್ದದ್ದು, ಹೊಟ್ಟಿ ಒಳಗ ಬಂದು ಬಾಡಿಗಿದಾರ ಆಗಿ ಆಮ್ಯಾಲ ಮನಿಯವನೇ ಆಯ್ತು, ಅದರ ಎಚ್‌ಎಸ್‌ಪಿ60 ಗ್ರೋಇಎಲ್‌ನ ಖಾಸಾ ಸಂಬಂಧಿ. ಕೋಶದ ನಡುಮನಿಯಾಗ ಇರೋದು ಟ್ರಿಕ್, ಅದು ಆರ್ಕಿಯಾ ಅನ್ನೋ ಬ್ಯಾರೆ ಸೂಕ್ಷ್ಮಜೀವಿಗಳ ಥರ್ಮೊಸೋಮಿನ ಸಂಬಂಧಿ, ಬಿಸಿನೀರಿನ ಬುಗ್ಗಿಯಾಗ ಆರಾಮ ಇರೋ ಜೀವಿಗಳವು. ಟ್ರಿಕ್‌ನ ಉಂಗುರದಾಗ ಎಂಟು ಬ್ಯಾರೆ ಬ್ಯಾರೆ ಪ್ರೋಟೀನ್, ಎರಡು ಉಂಗುರಕ್ಕ 16, ಮುಚ್ಚಳ ಅದಕ್ಕೇ ಹಚ್ಚಿರ್ತದ. ಸ್ನಾಯುವಿನ ಆಕ್ಟಿನ್, ಕೋಶದ ಬೊಂಬು ಅನ್ನಬಹುದಾದ ಟ್ಯೂಬುಲಿನ್ ಎರಡೂ ಇದರ ಕೈಯಾಗ ಮಡಚ್ಬೇಕು.

ಈ ಹಳೇ ಸಂಬಂಧನೇ ರೋಗದ ಕಡಿ ಬಂದ್ರ ತಲಿನೋವು. ಟಿಬಿ ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ65 ಮತ್ತ ನಮ್ಮ ಎಚ್‌ಎಸ್‌ಪಿ60 ಹೋಲ್ಸಿ ನೋಡಿದ್ರ ಹತ್ತಿರ ಹತ್ತಿರ ಅರ್ಧ ಒಂದೇ ಅವ. ನಮ್ಮ ರೋಗನಿರೋಧಕ ಪಡೆ ಟಿಬಿ, ಕುಷ್ಠ ಇಂಥಾ ರೋಗಾಣು ಹೊಕ್ಕಾಗ ಭಾಳ ಜೋರಾಗಿ ಗುರುತು ಹಿಡ್ಯೋದು ಈ ಪ್ರೋಟೀನನ್ನೇ. ಕಳ್ಳನ ಮಾರಿ ನಮ್ಮ ತಮ್ಮನ ಮಾರಿ ಹೋಲಿದ್ರ ಪೊಲೀಸರು ಯಾರನ್ನ ಹಿಡೀಬೇಕು? ಸಂಧಿವಾತ, ರಕ್ತನಾಳ ಗಟ್ಟಿ ಆಗೋದು ಇಂಥಾವಕ್ಕ ಈ ಗೊಂದಲನೂ ಒಂದು ಕಾರಣ ಇರ್ಬಹುದು ಅನ್ನೋ ವಾದ 1980ರ ದಶಕದಿಂದ ಅದ, ಒಂದು ವಾದವಾಗೇ ಅದ, ಸಾಬೀತಾದ ತೀರ್ಪು ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ.

ಟಿಬಿ ಬ್ಯಾಕ್ಟೀರಿಯಾಕ್ಕ ಇನ್ನೊಂದು ಬುದ್ಧಿವಂತಿಕಿ ಅದ. ಇ. ಕೋಲಿಗಿ ಗ್ರೋಇಎಲ್ ಒಂದೇ, ಇದಕ್ಕ ಎರಡು. ಎರಡನೇದು ಇಲ್ಲಂದ್ರ ಅದು ಬದುಕಲ್ಲ. ಮೊದಲನೇದು ಇಲ್ಲದಿದ್ರೂ ಬದುಕ್ತದ, ಆದ್ರ ಇಲಿಗಳ ಪುಪ್ಪುಸದಾಗ ಟಿಬಿಯ ಗುರುತಿನ ಗಂಟು ಕಟ್ಟಲಿಕ್ಕೆ ಆಗ್ಲಿಲ್ಲ ಅಂತ 2008ರಾಗ ತೋರ್ಸ್ಯಾರ. ಅಂದ್ರ ಒಂದು ಖೋಲಿ ಮನಿಗೆಲಸಕ್ಕ, ಇನ್ನೊಂದು ಪುಂಡಾಟಕ್ಕ. ಈ ಎರಡನೇ ಗ್ರೋಇಎಲ್‌ನ ರಚನಾ ಬಿಡಿಸಿ ನೋಡಿದ್ದು ನಮ್ಮಿಂದ ದೂರ ಏನಿಲ್ಲ, ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕೇಂದ್ರದಾಗ, ಶೇಖರ್ ಮಾಂಡೆ ಅವರ ಗುಂಪು, 2004ರಾಗ. ಅವರು ಆಮ್ಯಾಲ ದೇಶದ ಸಂಶೋಧನಾ ಪರಿಷತ್ತು ಸಿಎಸ್‌ಐಆರ್‌ನ ಮುಖ್ಯಸ್ಥರೂ ಆದ್ರು. ನಾವು ಹೈದರಾಬಾದಿಗಿ ಹೋಗೋದು ಬಿರ್ಯಾನಿ ಮತ್ತ ದವಾಖಾನಿ ಸಲುವಾಗಿ, ಅಲ್ಲಿ ಹಿಂಗೂ ನಡೀತದ. ಅದೇ ಊರಿನ ಸಿಸಿಎಂಬಿ ಅನ್ನೋ ಜೀವಶಾಸ್ತ್ರ ಸಂಶೋಧನಾ ಕೇಂದ್ರದಾಗ ಕಣ್ಣಿನ ಆಲ್ಫಾ ಕ್ರಿಸ್ಟಲಿನ್ ಮ್ಯಾಲ ಮೋಹನ್ ರಾವ್ ಅವರು ವರ್ಷಗಟ್ಲೆ ಕೆಲಸ ಮಾಡ್ಯಾರ. ಅದು ಡಬ್ಬಿ ಅಲ್ಲ, ಬರೀ ಶಾಪರೋನ್. ಕಣ್ಣಿನ ಲೆನ್ಸಿನ ನಡುವಿನ ಪ್ರೋಟೀನ್ ಹುಟ್ಟಿದಾಗಿಂದು, ಬದಲಾಗಂಗೇ ಇಲ್ಲ, ಅದನ್ನ ಜೀವನಪೂರ್ತಿ ಗಂಟಾಗಲಾರದಂಗ ಕಾಯೋದು ಈ ಆಲ್ಫಾ ಕ್ರಿಸ್ಟಲಿನ್. ಅದು ಸೋತಾಗ ಬರೋದು ಮೋತಿಬಿಂದು.

ಹೊಲದ ಕಡಿನೂ ಒಂದು ಸಲ ನೋಡ್ರಿ. ತೊಗರಿ ಗಿಡ ಕಿತ್ತಿದ್ರ ಬೇರಿನಾಗ ಸಣ್ಣ ಸಣ್ಣ ಗಂಟು ಕಾಣ್ತಾವ, ಒಡದ್ರ ಒಳಗ ಕೆಂಪಗ. ಅಲ್ಲಿ ಇರೋ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯಾಗಿನ ಸಾರಜನಕ ಹಿಡದು ಗಿಡಕ್ಕ ಕೊಡ್ತದ, ಅದಕ್ಕೇ ತೊಗರಿಗಿ ಯೂರಿಯಾ ಕಮ್ಮಿ ಸಾಕು. ಈ ಜಾತಿ ಬ್ಯಾಕ್ಟೀರಿಯಾದ ಹತ್ರ ಗ್ರೋಇಎಲ್ ಒಂದಲ್ಲ ಎರಡಲ್ಲ, ಸೋಯಾ ಬೇರಿನಾಗ ಇರೋದರಾಗ ಐದು ಪ್ರತಿ ಅವ. ಒಂದು ಬಿಸಿಗಿ ಚಾಲೂ ಆಗೋದು, ಒಂದು ಸಾರಜನಕದ ಜೀನುಗಳ ಜೋಡಿ ಚಾಲೂ ಆಗೋದು. ಸಾರಜನಕ ಹಿಡ್ಯೋ ಯಂತ್ರ ಭಾಳ ನಾಜೂಕು, ಕೂಡ್ಸಲಿಕ್ಕ ಖೋಲಿ ಬೇಕೇ ಬೇಕು. ಜಿಐ ಟ್ಯಾಗ್ ಬಂದ ನಮ್ಮ ತೊಗರಿ ಬ್ಯಾಳಿ ರುಚಿ ಬಗ್ಗೆ ಮಾತಾಡೋವಾಗ ಮಣ್ಣಿನ ಗುಣ, ಕಾಗಿಣಾ ನೀರು ಎಲ್ಲಾ ಹೇಳ್ತೀವಿ, ಈ ಡಬ್ಬಿಗಿ ಯಾರು ಹೇಳ್ತಾರ.

ಅದೇ ಡಬ್ಬಿ ರೈತನ ವಿರುದ್ಧನೂ ನಿಂದ್ರತದ. ಬಿಳಿ ನೊಣ ಟೊಮ್ಯಾಟೊಕ್ಕ ಎಲಿ ಮುದುಡೋ ವೈರಸ್ ಹಚ್ತದ. ಆ ನೊಣದ ಮೈಯಾಗ ಒಂದು ಬ್ಯಾಕ್ಟೀರಿಯಾ ಸಂಸಾರ ಮಾಡಿರ್ತದ, ಅದರ ಗ್ರೋಇಎಲ್ ವೈರಸ್ಸಿಗಿ ಅಂಟ್ಕೊಂಡು ನೊಣದ ರಕ್ತದಾಗ ಅದು ಹಾಳಾಗಲಾರದಂಗ ಕಾಯ್ತದ ಅಂತ ಇಸ್ರೇಲಿನವರು ತೋರ್ಸ್ಯಾರ. ಇನ್ನೂ ವಿಚಿತ್ರ ಅಂದ್ರ ಮರಳಿನಾಗ ಆಲಿಕಿ ಥರ ಗುಂಡಿ ಮಾಡ್ಕೊಂಡು ಇರಿವಿ ಬೀಳೋದನ್ನೇ ಕಾಯ್ಕೊಂಡು ಕೂಡೋ ಹುಳ ಇರ್ತದಲ್ಲ, ಸಣ್ಣವರಿದ್ದಾಗ ಗುಡಿ ಹಿಂದ ಕಡ್ಡಿ ಹಾಕಿ ಅದನ್ನ ಕೆಣಕ್ತಿದ್ವಿ, ಅದರ ಜೊಲ್ಲಿನಾಗ ಇರೋ ಬ್ಯಾಕ್ಟೀರಿಯಾದ ಗ್ರೋಇಎಲ್ ಬ್ಯಾರೆ ಹುಳಕ್ಕ ಲಕ್ವಾ ಹೊಡಸೋ ವಿಷ. ಜಪಾನಿನವರು 2001ರಾಗ ಜಿರಳಿ ಮ್ಯಾಲ ಪ್ರಯೋಗ ಮಾಡಿ ಹೇಳಿದ್ದು. ಪ್ರೋಟೀನ್ ಮಡಚೋ ಡಬ್ಬಿ ವಿಷ ಆಗಿ ಕುಂತದ, ಸಣ್ಣ ಪುಟ್ಟ ಬದಲಾವಣಿಯಿಂದ.

ಮನುಷ್ಯನಾಗ ಈ ಡಬ್ಬಿ ಜೀನೇ ಕೆಟ್ರ ಏನು? ಪೂರ್ತಿ ಕೆಟ್ರ ಹುಟ್ಟೋದೇ ಇಲ್ಲ, ಅದಕ್ಕ ಕಾಣೋದು ಅರ್ಧಮರ್ಧ ಕೆಟ್ಟಿದ್ದು. ಎಚ್‌ಎಸ್‌ಪಿ60ಯಾಗ ಒಂದು ಅಕ್ಷರ ಬದಲಾಗಿ ಕಾಲು ಬಿಗಿಯೋ ರೋಗ ಬರೋ ಮನೆತನ ಒಂದು 2002ರಾಗ ಸಿಕ್ಕದ. ನಮ್ಮ ಕಡಿ ಗಮನಿಸ್ಬೇಕಾದ್ದು ಬಾರ್ಡೆಟ್ ಬೀಡಲ್ ಅನ್ನೋ ರೋಗ. ಮಕ್ಕಳಿಗಿ ಆರು ಬೆರಳು, ಮೈ ದಪ್ಪ, ಮೊದಲು ರಾತ್ರಿ ಕಣ್ಣು ಕಾಣಲ್ಲ ಆಮ್ಯಾಲ ಹಗಲೂ ಕಮ್ಮಿ, ಕಿಡ್ನಿ ತ್ರಾಸ. ಇದಕ್ಕ ಕಾರಣ ಆಗೋ ಜೀನು ಇಪ್ಪತ್ತಕ್ಕಿಂತ ಜಾಸ್ತಿ ಅವ, ಅದರಾಗ ಮೂರು ಶಾಪರೋನಿನ್ ಹೋಲೋ ಪ್ರೋಟೀನಿಂದು. ತಂದಿ ತಾಯಿ ಇಬ್ಬರ ಕಡಿಂದನೂ ಕೆಟ್ಟ ಪ್ರತಿ ಬಂದ್ರ ಮಾತ್ರ ರೋಗ, ಹಂಗಾಗಿ ಅಕ್ಕನ ಮಗಳು, ಅತ್ತಿ ಮಗ ಅಂತ ಒಳಗೊಳಗೇ ಕೊಟ್ಟು ತಗೊಳ್ಳೋ ಮನೆತನದಾಗ ಅದರ ಸಾಧ್ಯತಾ ಏರ್ತದ. ಆರು ಬೆರಳು ಇದ್ದವರಿಗೆಲ್ಲ ಇದು ಇರ್ತದ ಅಂತ ಅಲ್ಲ, ಸುಮ್ಮನ ಅಂಜಬ್ಯಾಡ್ರಿ, ಭಾಳಷ್ಟು ಮಂದಿಗಿ ಅದು ಬರೀ ಒಂದು ಬೆರಳು. ಆದ್ರ ಆರು ಬೆರಳಿನ ಜೋಡಿ ಸಂಜಿಮುಂದ ಕೂಸು ಎಡವ್ಲಕತ್ತಿದ್ರ ‘ಅದೃಷ್ಟದ ಬೆರಳು’ ಅಂತ ಸುಮ್ಮನ ಕೂಡೋದಕ್ಕಿಂತ ಒಂದು ಸಲ ಕಣ್ಣಿನ ಡಾಕ್ಟರಿಗಿ, ಮಕ್ಕಳ ಡಾಕ್ಟರಿಗಿ ತೋರ್ಸ್ರಿ.

ಇತ್ತೀಚಿಗಿ ಹುಡುಗ್ರು ಕೇಳ್ತಾರ, ಸರ್ ಈಗ ಪ್ರೋಟೀನಿನ ಆಕಾರ ಹೇಳೋ ಆಲ್ಫಾಫೋಲ್ಡ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಬಂದದಲ್ಲ, 2024ರಾಗ ನೊಬೆಲ್ಲೂ ಬಂತು, ಪ್ರೋಟೀನ್ ಮಡಚೋ ಸಮಸ್ಯಾ ಮುಗೀತಲ್ಲ ಅಂತ. ಮುಗದಿಲ್ಲ. ಕಂಪ್ಯೂಟರ್ ಹೇಳೋದು ಸುತ್ತಿದ ರುಮಾಲು ಕೊನಿಗಿ ಹೆಂಗ ಕಾಣ್ತದ ಅಂತ. ಜಾತ್ರಿ ಗದ್ದಲದಾಗ ಅದು ಅಲ್ಲಿ ತನಕ ಹೆಂಗ ಮುಟ್ತು, ಯಾವ ಖೋಲಿ ಹೊಕ್ಕಿತ್ತು, ಎಷ್ಟು ಸಲ ಸೋತು ತಿರುಗಿ ಬಂತು ಅನ್ನೋದು ಬ್ಯಾರೆ ಲೆಕ್ಕ. ಫೋಟೊ ನೋಡಿ ರುಮಾಲು ಸುತ್ತೋಕ್ ಬರಲ್ಲ. ಅತ್ಲಾಗ ‘ಹೀಟ್ ಶಾಕ್ ಪ್ರೋಟೀನ್ ಹೆಚ್ಚಿಸ್ಕೊರಿ’ ಅಂತ ಹಬಿ ಸ್ನಾನ, ಗುಳಗಿ, ಪೌಡರ್ ಮಾರೋರೂ ಬಂದಾರ. ಶಾಪರೋನಿನ್ ತಿಂದ್ರ ಹೊಟ್ಟ್ಯಾಗ ಅದೂ ಬ್ಯಾಳಿ ಥರನೇ ಅರೀತದ, ಕೋಶಕ್ಕ ಡಬ್ಬಿ ಆಗಿ ಹೋಗಂಗಿಲ್ಲ. ಹಬಿ ಸ್ನಾನದ ಸುಖ ಕಲಬುರಗಿಯಾಗ ಮೇ ತಿಂಗಳ ಆಟೋದಾಗ ಪುಕ್ಕಟ ಸಿಗ್ತದ.

ಬ್ಯಾಸಗಿ ಬಂತಂದ್ರ ನಮ್ಮ ಭಾಗದ ಸರಕಾರಿ ಆಫೀಸು ಮುಂಜಾನಿ ಎಂಟಕ್ಕ ತೆರದು ಮಧ್ಯಾಹ್ನ ಒಂದೂವರಿಗಿ ಬಂದ್ ಆಗ್ತಾವ, ಫ್ಯಾನ್ ಕೆಳಗ ಕುಂತವರಿಗಿ. ಗಣಿ, ಇಟ್ಟಂಗಿ ಭಟ್ಟಿ, ರೋಡಿನ ಡಾಂಬರ್ ಕೆಲಸದವರ ಮೈಯಾಗ ಇರೋದೂ ಅದೇ 14 ಪ್ರೋಟೀನಿನ ಡಬ್ಬಿ, ಅವರಿಗಿ ಟೈಮ್ ಬದಲಿಲ್ಲ, ಅವರಿಗಿ ‘ರೂಢಿ ಅದ’ ಅಂತ ನಾವೇ ಹೇಳಿಬಿಡ್ತೀವಿ. ಆಮ್ಯಾಲ ಇನ್ನೊಂದಿನ ಕಟ್ಟಿ ಮ್ಯಾಲ ಇದಿಷ್ಟರಾಗ ಅರ್ಧ ಹೇಳಿದ ಮ್ಯಾಲ ಕಾಕಾ ಕೇಳಿದ್ರು, ‘ಹಂಗಾದ್ರ ನನ್ನ ಡಬ್ಬಿ ಎಷ್ಟು ಗಂಟಿಗಿ ದಣೀತಾವ, ಅಷ್ಟು ಹೇಳು, ಆ ಹೊತ್ತಿಗಿ ಬೇವಿನ ಗಿಡದ ಕೆಳಗ ಬರ್ತೀನಿ.’ ಹನ್ನೊಂದೂವರಿ ಅಂದೆ. ಕಾಕಾ ಹನ್ನೆರಡಕ್ಕ ಒಪ್ಕೊಂಡ್ರು. ಈಗ ದಿನಾ ಹನ್ನೆರಡಕ್ಕ ಮೊಮ್ಮಗ ಫೋನ್ ಹಚ್ತಾನ, ಒಂದು ಸಲಕ್ಕ ಎತ್ತಂಗಿಲ್ಲ, ಮೂರನೇ ಸಲಕ್ಕ ಎತ್ತಿ ‘ಹೊಂಟೀನಿ ಹೊಂಟೀನಿ’ ಅಂತಾರ.